ಎರಡು ಕೋಟಿಯ ಸ್ಪೋರ್ಟ್ಸ್ ಕಾರು ನಾಲ್ಕೇ ವರ್ಷಕ್ಕೆ ಅರ್ಧ ಬೆಲೆಗೆ ಯಾಕೆ ಬರುತ್ತದೆ?

ತೋಟದ_ಹುಡುಗ, ತೀರ್ಥಹಳ್ಳಿ

ನಮ್ಮ ಭಾವನಿಗೆ ಈ ಸಲ ಅಡಿಕೆಗೆ ಒಳ್ಳೆ ರೇಟ್ ಸಿಕ್ಕಿದೆ. ಮಂಡಿಯಿಂದ ದುಡ್ಡು ಬಂದಾಗಿನಿಂದ ರಾತ್ರಿ ಊಟ ಆದ ಮೇಲೆ ಫೋನಲ್ಲಿ ಸೆಕೆಂಡ್ ಹ್ಯಾಂಡ್ ಕಾರು ನೋಡುವುದೇ ಕೆಲಸ. ಈಗ ಬೆಂಗಳೂರಿನಲ್ಲಿ ಒಂದು ಜರ್ಮನ್ ಸ್ಪೋರ್ಟ್ಸ್ ಕಾರು ಕಣ್ಣಿಗೆ ಬಿದ್ದಿದೆ. ಎರಡೇ ಬಾಗಿಲು, ನಾಲ್ಕು ವರ್ಷ ಹಳೆಯದು, ಓಡಿರುವುದು 11 ಸಾವಿರ ಕಿಲೋಮೀಟರ್, ಹೊಸದರಲ್ಲಿ ಹತ್ತಿರ ಹತ್ತಿರ ಎರಡು ಕೋಟಿ ಕೊಟ್ಟಿದ್ದಂತೆ, ಈಗ ಒಂದು ಕೋಟಿಗೆ ಬಿಡುತ್ತಾರಂತೆ. ಒಂದು ಗೀರಿಲ್ಲ, ಆಕ್ಸಿಡೆಂಟ್ ಇಲ್ಲ. ಹಾಗಿದ್ದರೆ ಅರ್ಧಕ್ಕೆ ಎಂತಕ್ಕೆ ಇಳಿಯಿತು? ನಮ್ಮ ಮನೆಯ ಹತ್ತು ವರ್ಷದ ಇನ್ನೋವಾಕ್ಕೆ ಈಗಲೂ ಜನ ಬಾಗಿಲಿಗೇ ಬಂದು ರೇಟ್ ಕೇಳುತ್ತಾರೆ. ಭಾವ ಮಾತ್ರ "ಒಂದು ಕೋಟಿ ಉಳೀತಲ್ಲ ಮಾರಾಯ" ಅಂತಾನೆ. ಆಗುಂಬೆ ಘಾಟಿಯ 14 ತಿರುವಲ್ಲಿ ಓಡಿಸಬೇಕಂತೆ. ಅಕ್ಕ ಏನೂ ಮಾತಾಡುತ್ತಿಲ್ಲ, ಅದೇ ಹೆದರಿಕೆ.

ಪಾಲಿಸಿ_ಅಕ್ಕ, ಶಿವಮೊಗ್ಗ

ಮೊದಲು ಆ ಎರಡು ಕೋಟಿ ಎಲ್ಲಿಗೆ ಹೋಯಿತು ನೋಡಿ. ಹೊರದೇಶದಲ್ಲೇ ಪೂರ್ತಿ ತಯಾರಾಗಿ ಬರುವ ಇಂಥ ಕಾರಿಗೆ ಕಸ್ಟಮ್ಸ್ ಸುಂಕವೇ ಎಲ್ಲ ಸೇರಿ 110 ಪರ್ಸೆಂಟ್. ಬಂದರಿಗೆ 100 ರೂಪಾಯಿಗೆ ಬಂದದ್ದು ಅಲ್ಲೇ 210 ಆಯಿತು. ಈಗಿನ 40 ಪರ್ಸೆಂಟ್ ಜಿಎಸ್‌ಟಿ ಸೇರಿದರೆ 294. ಕರ್ನಾಟಕದಲ್ಲಿ 20 ಲಕ್ಷ ದಾಟಿದ ಕಾರಿಗೆ ಲೈಫ್ ಟ್ಯಾಕ್ಸ್ 18 ಪರ್ಸೆಂಟ್, ಅದೂ ಸೇರಿ ಸುಮಾರು 347. ಡೀಲರ್ ಲಾಭ ಇನ್ನೂ ಹಿಡಿದೇ ಇಲ್ಲ. ಮೊದಲ ಓನರ್ ಕೊಟ್ಟ ದುಡ್ಡಿನಲ್ಲಿ ದೊಡ್ಡ ಪಾಲು ಸರ್ಕಾರಕ್ಕೆ ಹೋಗಿದೆ, ಎರಡನೆಯವನು ಅದನ್ನೆಲ್ಲ ಪೂರ್ತಿ ತುಂಬಿಕೊಡುವುದಿಲ್ಲ. ಇನ್ನೊಂದು ವಿಷಯ. ದೊಡ್ಡ ಕಾರುಗಳಿಗೆ ಮೊದಲು ಜಿಎಸ್‌ಟಿ, ಸೆಸ್ ಎರಡೂ ಸೇರಿ 48-50 ಪರ್ಸೆಂಟ್ ಇತ್ತು. 2025ರ ಸೆಪ್ಟೆಂಬರ್ 22ರಿಂದ 40 ಆಯಿತು. ಶೋರೂಮಿನಲ್ಲಿ ಹೊಸದರ ಬೆಲೆ ಇಳಿದ ದಿನ ಹಳೆಯದರ ಬೆಲೆಯೂ ಇಳಿಯಲೇಬೇಕಲ್ಲ.

ಇನ್ಶೂರೆನ್ಸಿನವರು ಕಾರಿಗೆ ಹಿಡಿಯುವ ಬೆಲೆಯ (ಐಡಿವಿ) ಪಟ್ಟಿಯೂ ಇದೆ: ಮೊದಲ ವರ್ಷ ಮುಗಿಯುವಾಗ 15 ಪರ್ಸೆಂಟ್ ಕಳೆಯುತ್ತಾರೆ, ಮೂರರಿಂದ ನಾಲ್ಕು ವರ್ಷದೊಳಗೆ 40, ಐದರೊಳಗೆ 50. ಆದರೆ ಇನ್ನೋವಾಕ್ಕೂ ಅದೇ ಪಟ್ಟಿ. ಹಾಗಾಗಿ ನಿಮ್ಮ ಪ್ರಶ್ನೆಗೆ ಪೂರ್ತಿ ಉತ್ತರ ಅದರಲ್ಲಿ ಸಿಗುವುದಿಲ್ಲ.

ಸ್ಪ್ಯಾನರ್_ಶೆಟ್ರು, ಸಾಗರ ರಸ್ತೆ

ಉತ್ತರ ನಾನು ಹೇಳುತ್ತೇನೆ. ಕಾರಿನ ಬೆಲೆ ಅರ್ಧ ಆಯಿತು, ಅದರ ಖರ್ಚು ಅರ್ಧ ಆಗಲಿಲ್ಲ. ಬ್ರೇಕ್ ಡಿಸ್ಕ್, ಗೇರ್‌ಬಾಕ್ಸ್, ಟೈರ್, ಎಲ್ಲದಕ್ಕೂ ಎರಡು ಕೋಟಿ ಕಾರಿನ ರೇಟೇ. ಕಾರ್ಬನ್ ಸೆರಾಮಿಕ್ ಬ್ರೇಕ್ ಇದ್ದರಂತೂ ಡಿಸ್ಕ್ ಬದಲಾಯಿಸುವ ಬಿಲ್ಲಿನಲ್ಲಿ ಇಲ್ಲಿ ಒಂದು ಸಣ್ಣ ಕಾರೇ ಬರುತ್ತದೆ. ಸಕ್ರೆಬೈಲಿನ ಆನೆಯನ್ನು ಪುಕ್ಕಟೆ ಕೊಡುತ್ತೇವೆ ಅಂದರೂ ಮನೆಗೆ ಹೊಡೆದುಕೊಂಡು ಬರುವವರು ಯಾರು ಹೇಳಿ. ಇನ್ನೋವಾ ಕೊಳ್ಳುವುದಕ್ಕೆ ಟ್ಯಾಕ್ಸಿಯವರು, ತೋಟದವರು, ಕಂಟ್ರಾಕ್ಟರ್‌ಗಳು ಸಾಲಾಗಿ ನಿಂತಿರುತ್ತಾರೆ, ಅದನ್ನು ಯಾವ ಊರಲ್ಲಾದರೂ ರಿಪೇರಿ ಮಾಡುತ್ತಾರೆ, ನಾನೂ ಮಾಡುತ್ತೇನೆ. ಆ ಕಾರನ್ನು ನನ್ನ ಹತ್ತಿರ ತಂದರೆ ಕಂಪ್ಯೂಟರ್ ಹಾಕಿ ನೋಡುವುದಕ್ಕೂ ಆಗುವುದಿಲ್ಲ. 300 ಕಿಲೋಮೀಟರ್ ದೂರದ ಬೆಂಗಳೂರಿಗೆ ಲಾರಿ ಮೇಲೆ ಹೋಗಬೇಕು.

ಇನ್ನು ಒಂದು ಕೋಟಿ ಕೈಯಲ್ಲಿದ್ದವರು ಸುಮ್ನೆ ಇನ್ನೊಬ್ಬರು ಓಡಿಸಿದ್ದನ್ನು ಯಾಕೆ ತಗೊಳ್ಳುತ್ತಾರೆ, ಹೊಸದನ್ನೇ ಬೇರೆ ಯಾವುದಾದರೂ ತಗೊಳ್ಳುತ್ತಾರೆ. ಮಾರುವವರೋ, ವಾರಂಟಿ ಮುಗಿಯುವ ಹೊತ್ತಿಗೆ ಇಲ್ಲ ಹೊಸ ಮಾಡೆಲ್ ಬಂದ ಕೂಡಲೇ ಎಲ್ಲರೂ ಒಟ್ಟಿಗೆ ಹೊರಡುತ್ತಾರೆ. ಕಡಿಮೆ ಓಡಿದೆ ಅಂತ ಖುಷಿಪಡಬೇಡಿ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ, 2321 ಅಂದರೆ 2021ರ 23ನೇ ವಾರದಲ್ಲಿ ತಯಾರಾದದ್ದು. ಗ್ರಿಪ್ ಹೊಸದರ ಹಾಗೆ ಕಂಡರೂ ನಿಂತಲ್ಲೇ ನಿಂತು ರಬ್ಬರ್ ಗಟ್ಟಿಯಾಗಿರುತ್ತದೆ. ಅದರ ಫೋಟೋ ತರಿಸಿ.

ವಿ12_ಭಟ್ಟ

ಎಲ್ಲ ಇಳಿಯುತ್ತದೆ ಅನ್ನಬೇಡಿ ಶೆಟ್ರೇ. ಫೆರಾರಿ 250 ಜಿಟಿಒ ಮಾಡಿದ್ದೇ 36, 2018ರಲ್ಲಿ ಒಂದು ಹರಾಜಿನಲ್ಲಿ 4 ಕೋಟಿ 84 ಲಕ್ಷ ಡಾಲರ್‌ಗೆ ಹೋಯಿತು. 1987ರಲ್ಲಿ ಬಂದ ಎಫ್40 ಸುಮಾರು 1,300 ತಯಾರಾದರೂ ಇವತ್ತು ಹೊಸದರ ಬೆಲೆಯ ಎಷ್ಟೋ ಪಟ್ಟು. ಪೋರ್ಷೆ 911 ಜಿಟಿ3ಯಂಥದ್ದೂ ಸುಲಭಕ್ಕೆ ಇಳಿಯುವುದಿಲ್ಲ. ಆದರೆ ಅಂಥ ಲಿಮಿಟೆಡ್ ಕಾರನ್ನು ಕಂಪನಿಯವರು ಹಳೇ ಗಿರಾಕಿಗಳಿಗೇ ಮೊದಲು ಕೊಡುವುದು. ಭಾವನ ಫೋನಿಗೆ ಜಾಹೀರಾತಾಗಿ ಬರುವುದು ದುಡ್ಡು ಕೊಟ್ಟ ಎಲ್ಲರಿಗೂ ಸಿಗುವ ಮಾಡೆಲ್. ಅದರಲ್ಲೂ ಮೊದಲ ಓನರ್ ಸ್ಪೆಷಲ್ ಬಣ್ಣ, ಕಾರ್ಬನ್ ಪಟ್ಟಿ ಅಂತ ಲಕ್ಷಗಟ್ಟಲೆ ಸುರಿದಿದ್ದರೆ ಅದಕ್ಕೆ ಮರುಮಾರಾಟದಲ್ಲಿ ಹೆಚ್ಚು ಕಡಿಮೆ ಸೊನ್ನೆ.

ಮಳೆಗಾಲ, ಕೊಪ್ಪ

ಇದೆಲ್ಲ ಬೆಂಗಳೂರಿನ ಲೆಕ್ಕ. ನಮ್ಮ ಕಡೆ ಜೂನ್ ಬಂದರೆ ಚರ್ಮದ ಸೀಟಿನ ಮೇಲೆ ಬಿಳೀ ಬೂಸ್ಟು. ಕಾರು ನಿಂತೇ ಇದ್ದರೆ ಬ್ಯಾಟರಿ ಸಾಯುತ್ತದೆ, ಅದಕ್ಕೆ ಚಾರ್ಜರ್ ಹಾಕಿಡಬೇಕು. ನಮ್ಮಲ್ಲಿ ಮರ ಬಿದ್ದು ಕರೆಂಟ್ ಹೋದರೆ ಯಾವಾಗ ಬರುತ್ತದೆ ಅಂತ ದೇವರಿಗೇ ಗೊತ್ತು. ಅಡಿಕೆ ಗೋದಾಮಿನ ಪಕ್ಕ ನಿಲ್ಲಿಸಿದರೆ ಇಲಿ ವೈರ್ ಬಿಡುವುದಿಲ್ಲ. ಮನೆ ಹಾದಿಯಲ್ಲಿ ದರೆ ಜರಿದರೆ, ಹಂಪ್ ಎತ್ತರ ಇದ್ದರೆ ಮುಂದಿನ ಬಂಪರ್ ತಳ ಕೆರೆದುಕೊಂಡೇ ಹೋಗುತ್ತದೆ. ನಾಲ್ಕು ವರ್ಷ ಇಟ್ಟು ಮಾರಿದರೆ ಒಂದು ಕೋಟಿಗೆ ಎಷ್ಟು ಬರುತ್ತದೆ ಅಂತ ಭಾವನನ್ನು ಕೇಳಿ. ಆಗುಂಬೆಗೆ ಒಂದು ದಿನ ಬಾಡಿಗೆಗೆ ತಂದು ಓಡಿಸಲಿ ಮಾರಾಯ್ರೆ, ಯಾರು ಬೇಡ ಅಂತಾರೆ.

ತೋಟದ_ಹುಡುಗ

ಎಲ್ಲರಿಗೂ ಥ್ಯಾಂಕ್ಸ್. ಭಾವನಿಗೆ ಓದಿ ಹೇಳಿದೆ, ಬೂಸ್ಟಿನ ವಿಷಯಕ್ಕೆ ಮಾತ್ರ ಸ್ವಲ್ಪ ಮೆತ್ತಗಾದ. ಟೈರ್ ಫೋಟೋ ಕೇಳಿದ್ದೇವೆ, ಇನ್ನೂ ಬಂದಿಲ್ಲ. ಆದರೆ ಕಾರಿನ ಫೋಟೋ ದೊಡ್ಡದು ಮಾಡಿ ನೋಡಿದರೆ ನಂಬರ್ ಪಿವೈ ಅಂತ ಶುರುವಾಗುತ್ತದೆ. ಅದರಿಂದ ಏನಾದರೂ ತೊಂದರೆಯಾ?

ಪಾಲಿಸಿ_ಅಕ್ಕ, ಶಿವಮೊಗ್ಗ

ಅಯ್ಯೋ, ಅದನ್ನು ಮೊದಲೇ ಹೇಳಬಾರದಾ! ಪುದುಚೇರಿ ನಂಬರ್ ಅದು, ಅಲ್ಲಿ ಟ್ಯಾಕ್ಸ್ ಕಡಿಮೆ ಅಂತ ಅಲ್ಲಿ ಮಾಡಿಸಿರುತ್ತಾರೆ. ನಮ್ಮ ಲೈಫ್ ಟ್ಯಾಕ್ಸ್ ಕಟ್ಟಿಲ್ಲ. ಕಾರಿನ ವಯಸ್ಸಿಗೆ ತಕ್ಕಂತೆ ಸ್ವಲ್ಪ ಕಡಿಮೆಯಾದರೂ ಅದು ನಿಮ್ಮ ಭಾವನ ತಲೆ ಮೇಲೆ ಬರುತ್ತದೆ. 2025ರಲ್ಲಿ ಬೆಂಗಳೂರಿನಲ್ಲಿ ಮಹಾರಾಷ್ಟ್ರ ನಂಬರಿನ ಒಂದು ಫೆರಾರಿಯಿಂದ ಸುಮಾರು 1.42 ಕೋಟಿ ವಸೂಲಿ ಮಾಡಿದ್ದರು. ಪುದುಚೇರಿಯಿಂದ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ತಂದು, ಟ್ಯಾಕ್ಸ್ ಮಾರುವವರೇ ಕಟ್ಟಿ, ನಮ್ಮ ಶಿವಮೊಗ್ಗದ ಕೆಎ-14 ನಂಬರ್ ಮಾಡಿಸಿಕೊಡುತ್ತಾರಾ ಕೇಳಿ. ಆಮೇಲೆ ರೇಟ್ ಮಾತಾಡಿ.