ಸಹಾಯ ಬೇಕು: ಮೋಲ್ ಲೆಕ್ಕ ಕನ್ನಡದಲ್ಲಿ ಹೇಳಿಕೊಡುವವರು ಇದ್ದೀರಾ?

ಎಲ್ಲರಿಗೂ ನಮಸ್ಕಾರ. ನಮ್ಮದು ಬೇಲೂರು ಹತ್ತಿರದ ಹಳ್ಳಿ. ತಂಗಿ ಹಾಸನದಲ್ಲಿ ಎರಡನೇ ಪಿಯುಸಿ ಓದುತ್ತಿದ್ದಾಳೆ. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ. ಈ ಸಲ ಸಿಇಟಿ ಬರೆಯಬೇಕು, ಬಿಎಸ್ಸಿ ಅಗ್ರಿ ಅವಳ ಆಸೆ.

ಥಿಯರಿ ಚೆನ್ನಾಗಿಯೇ ಓದುತ್ತಾಳೆ. ಕೆಮಿಸ್ಟ್ರಿಯ ಮೋಲ್ ಲೆಕ್ಕ (ಮೋಲ್ ಅಂದರೆ ವಸ್ತುವಿನ ಕಣಗಳನ್ನು ಎಣಿಸುವ ಅಳತೆ) ಬಂದರೆ ಕೈ ನಿಂತುಬಿಡುತ್ತದೆ. ನಿನ್ನೆಯದೇ ನೋಡಿ. 10 ಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟಿಗೆ 1 ಮೋಲಾರ್ (ಲೀಟರಿಗೆ 1 ಮೋಲ್) ಹೈಡ್ರೋಕ್ಲೋರಿಕ್ ಆಮ್ಲ 100 ಎಂಎಲ್ ಹಾಕಿದರೆ ಎಷ್ಟು ಗ್ರಾಂ ಕಾರ್ಬನ್ ಡೈಆಕ್ಸೈಡ್ ಬರುತ್ತದೆ? ಅವಳು 4.4 ಎಂದಳು. ಉತ್ತರ 2.2. ಎರಡೂ 0.1 ಮೋಲ್ ಇವೆ, ಅಷ್ಟು ಅವಳಿಗೆ ಗೊತ್ತು. ಆದರೆ ಒಂದು ಮೋಲ್ ಕಾರ್ಬೊನೇಟಿಗೆ ಎರಡು ಮೋಲ್ ಆಮ್ಲ ಬೇಕು. ಹಾಗಾಗಿ ಆಮ್ಲವೇ ಮೊದಲು ಮುಗಿಯುತ್ತದೆ, ಅಲ್ವಾ? ಅಲ್ಲೇ ಅವಳಿಗೆ ಗೊಂದಲ. ಮೋಲಾರಿಟಿ (ಒಂದು ಲೀಟರ್ ದ್ರಾವಣದಲ್ಲಿ ಎಷ್ಟು ಮೋಲ್), ಮೋಲಾಲಿಟಿ (ಒಂದು ಕೆಜಿ ದ್ರಾವಕಕ್ಕೆ ಎಷ್ಟು ಮೋಲ್) ಎರಡನ್ನೂ ಕಲಸಿಕೊಳ್ಳುತ್ತಾಳೆ. ನಾನು ಬಿಕಾಂ ಓದಿದವಳು, ಇದಕ್ಕಿಂತ ಮುಂದೆ ಹೇಳಿಕೊಡಲು ಬರುವುದಿಲ್ಲ.

ಸಿಇಟಿಯಲ್ಲಿ ಕೆಮಿಸ್ಟ್ರಿಗೆ 80 ನಿಮಿಷಕ್ಕೆ 60 ಪ್ರಶ್ನೆ, ಕ್ಯಾಲ್ಕುಲೇಟರ್ ಇಲ್ಲ. ಸುಮ್ನೆ ಸೂತ್ರ ಬಾಯಿಪಾಠ ಮಾಡಿಸುವುದು ಬೇಡ. ಭಾನುವಾರ ಹಾಸನದಲ್ಲಿ ಒಂದೆರಡು ಗಂಟೆ ಕೂರಿಸಿಕೊಂಡು, ಕನ್ನಡದಲ್ಲಿ ಬಿಡಿಸಿ ಹೇಳುವವರಿದ್ದರೆ ದಯವಿಟ್ಟು ತಿಳಿಸಿ. ಫೀಸ್ ಕೊಡುತ್ತೇವೆ. ಕತ್ತಲಾಗುವ ಮುಂಚೆ ಬೇಲೂರು ಬಸ್ಸು ಹತ್ತುವಂತೆ ಬಿಟ್ಟರೆ ಸಾಕು.