ರ‍್ಯಾಮ್ ಹೆಚ್ಚಿಸಿದ ಮೇಲೆ ಕಂಪ್ಯೂಟರ್ ಪದೇ ಪದೇ ನಿಂತುಹೋಗುತ್ತಿದೆ: ದೋಷ ಹೊಸ ಸ್ಟಿಕ್ಕಿನದೋ, ಬೋರ್ಡಿನದೋ?

ಪ್ರಶ್ನೆ: ಡಿಟಿಪಿ ಅಂಗಡಿಯವ, ದಾವಣಗೆರೆ

ಪಿ.ಜೆ. ಬಡಾವಣೆಯಲ್ಲಿ ನನ್ನದೊಂದು ಚಿಕ್ಕ ಡಿಟಿಪಿ ಅಂಗಡಿಯಿದೆ. ಲಗ್ನಪತ್ರಿಕೆ, ಕರಪತ್ರಗಳ ಕೆಲಸಕ್ಕೆ 8 ಜಿಬಿ ರ‍್ಯಾಮ್ ಸಾಕಾಗುತ್ತಿತ್ತು. ದುಗ್ಗಮ್ಮನ ಜಾತ್ರೆಯ ಹೊತ್ತಿಗೆ ಇಪ್ಪತ್ತು ಅಡಿ ಅಗಲದ ಬ್ಯಾನರುಗಳ ಕೆಲಸ ಬರತೊಡಗಿದಾಗ ಫೋಟೋಶಾಪಿನಲ್ಲಿ ಒಂದು ಪದರ ಸರಿಸಲಿಕ್ಕೂ ನಿಮಿಷಗಟ್ಟಲೆ ಕಾಯಬೇಕಾಗಿ ಬಂತು. ಹೀಗಾಗಿ ಹೋದ ತಿಂಗಳು 16 ಜಿಬಿಯ ಇನ್ನೊಂದು ಸ್ಟಿಕ್ ತಂದು, ಹಳೆಯದನ್ನು ತೆಗೆಯದೆ ಅದರ ಜೊತೆಗೇ ಹಾಕಿಸಿದೆ.

ಪ್ರೊಸೆಸರ್ ರೈಜೆನ್ 5 2600, ಬೋರ್ಡ್ (ಎಲ್ಲ ಭಾಗಗಳೂ ಕೂರುವ ಮದರ್‌ಬೋರ್ಡ್) ಬಿ450, ಅದರಲ್ಲಿ ರ‍್ಯಾಮಿಗೆ ನಾಲ್ಕು ಸ್ಲಾಟುಗಳಿವೆ. ಹಳೆಯ ಸ್ಟಿಕ್ ಡಿಡಿಆರ್4 2400, ಹೊಸದು ಡಿಡಿಆರ್4 3200 (ಕೊನೆಯ ಅಂಕಿ ವೇಗದ್ದು). ವಿಂಡೋಸ್ 10 ಒಟ್ಟು 24 ಜಿಬಿ ಎಂದು ಸರಿಯಾಗಿಯೇ ತೋರಿಸುತ್ತದೆ. ಆದರೆ ದೊಡ್ಡ ಕಡತವನ್ನು ಉಳಿಸುವಾಗ ದಿನಕ್ಕೆ ಎರಡು ಮೂರು ಸಲ ನೀಲಿ ಪರದೆ ಬಂದು ಯಂತ್ರ ಮರುಚಾಲನೆಯಾಗುತ್ತದೆ. ಒಮ್ಮೆ ‘ಮೆಮೊರಿ ಮ್ಯಾನೇಜ್‌ಮೆಂಟ್’ ಎಂದು ಬರುತ್ತದೆ, ಇನ್ನೊಮ್ಮೆ ‘ಪೇಜ್ ಫಾಲ್ಟ್ ಇನ್ ನಾನ್‌ಪೇಜ್ಡ್ ಏರಿಯಾ’ ಎಂದು ಬರುತ್ತದೆ. ವಿಂಡೋಸಿನದೇ ಮೆಮೊರಿ ಪರೀಕ್ಷೆ ನಡೆಸಿದೆ, ಅದು ಯಾವ ದೋಷವೂ ಇಲ್ಲವೆಂದಿತು. ಹಾಕಿಕೊಟ್ಟ ಹುಡುಗ ಬೋರ್ಡೇ ಹೋಗಿರಬೇಕು ಎನ್ನುತ್ತಾನೆ. ಬೋರ್ಡ್ ಬದಲಿಸುವ ಮೊದಲು ಖಚಿತಪಡಿಸಿಕೊಳ್ಳುವ ದಾರಿ ಯಾವುದು?

ಉತ್ತರ 1: ರಿಪೇರಿ ಕೆಲಸದವ, ದಾವಣಗೆರೆ

ಬೋರ್ಡಿಗೆ ಈಗಲೇ ಹಣ ಹಾಕಬೇಡಿ ಸರ್. ನಿಲ್ಲುವ ತೊಂದರೆ ರ‍್ಯಾಮ್ ಹಾಕಿದ ದಿನದಿಂದಲೇ ಶುರುವಾಗಿದ್ದರೆ ಮೊದಲು ಅನುಮಾನಿಸಬೇಕಾದದ್ದು ಆ ದಿನ ಬದಲಾದದ್ದನ್ನು, ಅಂದರೆ ಹೊಸ ಸ್ಟಿಕ್, ಅದು ಕೂತ ಸ್ಲಾಟ್ ಮತ್ತು ಬಯಾಸಿನಲ್ಲಿ (ಯಂತ್ರ ಆನ್ ಆದೊಡನೆ ಓಡುವ, ಬೋರ್ಡಿನದೇ ತಂತ್ರಾಂಶ) ಆ ಹುಡುಗ ಮುಟ್ಟಿರಬಹುದಾದ ಸೆಟ್ಟಿಂಗನ್ನು.

ವಿಂಡೋಸಿನ ಪರೀಕ್ಷೆ ತಾನಾಗಿ ಓಡಿದಾಗ ಎರಡೇ ಸುತ್ತು ನಡೆಯುತ್ತದೆ, ಅದೂ ಸಾಧಾರಣ ಮಟ್ಟದಲ್ಲಿ. ಅದು ದೋಷ ಹೇಳಿದರೆ ನಂಬಬಹುದು, ಇಲ್ಲವೆಂದರೆ ನಂಬಲಾಗದು. ಮೆಮ್‌ಟೆಸ್ಟ್86 ಎಂಬ ರ‍್ಯಾಮ್ ಪರೀಕ್ಷೆಯ ತಂತ್ರಾಂಶವನ್ನು ಪೆನ್‌ಡ್ರೈವಿಗೆ ಹಾಕಿ ಅದರಿಂದಲೇ ಯಂತ್ರವನ್ನು ಬೂಟ್ ಮಾಡಿ. ಉಚಿತ ಆವೃತ್ತಿಯಲ್ಲಿ ನಾಲ್ಕು ಸುತ್ತುಗಳಿವೆ. ರಾತ್ರಿ ಅಂಗಡಿ ಮುಚ್ಚುವಾಗ ಹಚ್ಚಿ ಹೋದರೆ ಬೆಳಿಗ್ಗೆ ಫಲಿತಾಂಶ ಸಿಗುತ್ತದೆ. ಬೇಸಿಗೆಯಲ್ಲಿ ನಮ್ಮೂರಿನ ಕರೆಂಟನ್ನು ನಂಬಿ ಯುಪಿಎಸ್ ಇಲ್ಲದೆ ಹಚ್ಚಬೇಡಿ. ಮೊದಲ ರಾತ್ರಿ ಹಳೆಯದೊಂದನ್ನೇ, ಎರಡನೆಯ ರಾತ್ರಿ ಹೊಸದೊಂದನ್ನೇ ಅದೇ ಸ್ಲಾಟಿನಲ್ಲಿಟ್ಟು, ಮೂರನೆಯ ರಾತ್ರಿ ಎರಡನ್ನೂ ಕೂಡಿಸಿ ಪರೀಕ್ಷಿಸಿ. ಒಂದೇ ಒಂದು ಕೆಂಪು ಸಾಲು ಬಂದರೂ ಅದು ದೋಷವೇ, ‘ಒಂದೇ ತಾನೇ’ ಎಂದು ಬಿಡುವಂತಿಲ್ಲ.

ಇದು ಮುಗಿಯುವವರೆಗೆ ಗಿರಾಕಿಗಳ ಮೂಲ ಕಡತಗಳನ್ನು ಈ ಯಂತ್ರದಲ್ಲಿ ತೆರೆದು ಮತ್ತೆ ಉಳಿಸಬೇಡಿ. ರ‍್ಯಾಮ್ ತಪ್ಪಿದರೆ ಯಂತ್ರ ನಿಲ್ಲುವುದು ಒಂದು ಲೆಕ್ಕಕ್ಕೆ ಒಳ್ಳೆಯದೇ, ಏಕೆಂದರೆ ನಮಗೆ ಗೊತ್ತಾಗುತ್ತದೆ. ನಿಲ್ಲದೆ ತಪ್ಪನ್ನೇ ಡಿಸ್ಕಿಗೆ ಬರೆದುಬಿಟ್ಟರೆ ಯಾರಿಗೂ ತಿಳಿಯುವುದಿಲ್ಲ.

ಉತ್ತರ 2: ಲ್ಯಾಬ್ ಸಹಾಯಕ, ಚಿತ್ರದುರ್ಗ

ಮೇಲಿನವರು ಹೇಳಿದ ಕ್ರಮ ಸರಿಯಾಗಿದೆ. ಇಂಥ ತೊಂದರೆಯನ್ನು ನಮ್ಮ ಕಾಲೇಜಿನ ಲ್ಯಾಬಿನಲ್ಲಿ ಹಲವು ಸಲ ಕಂಡಿರುವುದರಿಂದ ಎರಡು ಮಾತು ಸೇರಿಸುತ್ತೇನೆ.

ಮೊದಲನೆಯದು ಸ್ಲಾಟಿನದು. ನಾಲ್ಕು ಸ್ಲಾಟುಗಳ ಬೋರ್ಡಿನಲ್ಲಿ ಎರಡೇ ಸ್ಟಿಕ್ ಇದ್ದರೆ ಸಾಮಾನ್ಯವಾಗಿ ಪ್ರೊಸೆಸರಿನ ಕಡೆಯಿಂದ ಎಣಿಸಿ ಎರಡನೆಯ ಮತ್ತು ನಾಲ್ಕನೆಯ ಸ್ಲಾಟಿನಲ್ಲಿ ಹಾಕಬೇಕು. ಮೊದಲೆರಡು ಅಥವಾ ಕೊನೆಯೆರಡು ಸ್ಲಾಟಿನಲ್ಲಿ ಅಕ್ಕಪಕ್ಕ ಹಾಕಿದರೆ ಎರಡೂ ಒಂದೇ ಚಾನೆಲ್ಲಿಗೆ (ಪ್ರೊಸೆಸರಿಗೂ ರ‍್ಯಾಮಿಗೂ ನಡುವಿನ ದಾರಿಗೆ) ಬೀಳುತ್ತವೆ, ವೇಗ ಕುಗ್ಗುತ್ತದೆ, ಸ್ಥಿರತೆಯೂ ಕುಗ್ಗಬಹುದು. ತೆಗೆಯುವಾಗ ಸ್ಟಿಕ್ಕಿನ ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಒರೆಸಿಬಿಡಿ. ಮಂಡಕ್ಕಿ ಭಟ್ಟಿಗಳ ಊರಿನಲ್ಲಿ ದೂಳಿಗೇನು ಬರವೇ!

ಎರಡನೆಯದು ಹೆಚ್ಚು ಮುಖ್ಯ. ರೈಜೆನ್ 5 2600ರಲ್ಲಿ ಮೆಮೊರಿಯನ್ನು ನಡೆಸುವ ಕಂಟ್ರೋಲರ್ ಬೋರ್ಡಿನಲ್ಲಿಲ್ಲ, ಪ್ರೊಸೆಸರಿನೊಳಗೇ ಇದೆ, ಮತ್ತು ಅದನ್ನು ತಯಾರಿಸಿದ ಎಎಂಡಿ ಕಂಪನಿ ಅದಕ್ಕೆ ಅಧಿಕೃತವಾಗಿ ಹೇಳಿರುವ ವೇಗದ ಮಿತಿ 2933. ನಿಮ್ಮ ಹೊಸ ಸ್ಟಿಕ್ಕಿನ 3200 ಆ ಮಿತಿಯ ಮೇಲಿನದು, ಹಳೆಯ ಸ್ಟಿಕ್ಕಂತೂ 2400ಕ್ಕೇ ಮಾಡಿದ್ದು. ಬಯಾಸನ್ನು ಅದರ ಪಾಡಿಗೆ ಬಿಟ್ಟರೆ ಅದು ಎರಡಕ್ಕೂ ಒಗ್ಗುವ ಕಡಿಮೆ ವೇಗವನ್ನೇ ಆರಿಸುತ್ತದೆ. ಯಾರಾದರೂ ಎಕ್ಸ್‌ಎಂಪಿ (ಸ್ಟಿಕ್ಕಿನಲ್ಲೇ ಬರೆದಿಟ್ಟ ಹೆಚ್ಚಿನ ವೇಗದ ಸೆಟ್ಟಿಂಗನ್ನು ಜಾರಿಗೆ ತರುವ ಸೌಲಭ್ಯ) ಆನ್ ಮಾಡಿದ್ದರೆ ಹೊಸ ಸ್ಟಿಕ್ಕಿನ ಪ್ರೊಫೈಲನ್ನೇ ಹಳೆಯದರ ಮೇಲೂ ಹೇರುವ ಬೋರ್ಡುಗಳಿವೆ. ಕೆಲವು ಬೋರ್ಡುಗಳ ಬಯಾಸಿನಲ್ಲಿ ಇದೇ ಸೌಲಭ್ಯಕ್ಕೆ ಬೇರೆ ಹೆಸರಿರುತ್ತದೆ, ‘ಎ-ಎಕ್ಸ್‌ಎಂಪಿ’ ಅಥವಾ ‘ಡಿಒಸಿಪಿ’ ಎಂದು ಹುಡುಕಿ.

ಉತ್ತರ 3: ರಿಪೇರಿ ಕೆಲಸದವ, ದಾವಣಗೆರೆ

ಎಕ್ಸ್‌ಎಂಪಿಯ ಮಾತನ್ನು ನಾನೇ ಬಿಡಿಸಿ ಹೇಳಬೇಕಿತ್ತು. ಆದರೆ ರಬ್ಬರಿನ ಮಾತಿಗೆ ನನ್ನ ಒಪ್ಪಿಗೆಯಿಲ್ಲ. ರಬ್ಬರಿನ ಪುಡಿ ಸ್ಲಾಟಿನೊಳಗೆ ಬಿದ್ದು ಇಲ್ಲದ ತೊಂದರೆ ತಂದ ಯಂತ್ರಗಳನ್ನು ಬಿಚ್ಚಿದ್ದೇನೆ. ಪವರ್ ಕೇಬಲ್ ಕಿತ್ತು, ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಿದ ಮೇಲೆ ಹಾಕಿದರೆ ಸಾಕು. ಸ್ಟಿಕ್ ಬದಲಿಸಿದ ಮೇಲೆ ಮೊದಲ ಸಲ ಪರದೆ ಒಂದೆರಡು ನಿಮಿಷ ಕಪ್ಪಾಗಿಯೇ ಇರಬಹುದು. ಬೋರ್ಡ್ ಹೊಸ ರ‍್ಯಾಮಿಗೆ ಹೊಂದಿಕೊಳ್ಳುತ್ತಿರುತ್ತದೆ, ಗಾಬರಿಯಿಂದ ಸ್ವಿಚ್ ಒತ್ತಬೇಡಿ.

ಉತ್ತರ 4: ಡಿಟಿಪಿ ಅಂಗಡಿಯವ, ದಾವಣಗೆರೆ

ಇಬ್ಬರಿಗೂ ಧನ್ಯವಾದಗಳು. ನಾಲ್ಕು ರಾತ್ರಿ ಹಿಡಿಯಿತು. ಹಳೆಯ ಸ್ಟಿಕ್ ಒಂದೇ ಇದ್ದಾಗ ನಾಲ್ಕು ಸುತ್ತೂ ಶುದ್ಧವಾಗಿತ್ತು, ಹೊಸದೂ ಹಾಗೆಯೇ. ಎರಡನ್ನೂ ಕೂಡಿಸಿದ ರಾತ್ರಿ, ನಾನು ಶೆಟರ್ ಎಳೆಯುವ ಮುನ್ನವೇ, ಮೊದಲ ಸುತ್ತಿನಲ್ಲೇ ಕೆಂಪು ಸಾಲುಗಳು ಬಂದವು. ಬಯಾಸ್ ತೆರೆದು ನೋಡಿದರೆ ಎಕ್ಸ್‌ಎಂಪಿ ಆನ್ ಆಗಿದೆ, ವೇಗ 3200, ವೋಲ್ಟೇಜ್ 1.35! ಸ್ಟಿಕ್ಕುಗಳು ಸ್ಲಾಟಿನಲ್ಲಿ ಅಕ್ಕಪಕ್ಕ ಕೂತಿದ್ದವು. ಅವುಗಳನ್ನು ಎರಡನೆಯ, ನಾಲ್ಕನೆಯ ಸ್ಲಾಟಿಗೆ ಬದಲಿಸಿ ಎಕ್ಸ್‌ಎಂಪಿ ಆಫ್ ಮಾಡಿದ ಮೇಲೆ ಬೋರ್ಡ್ ತಾನಾಗಿ 2400ಕ್ಕೆ ಇಳಿಯಿತು, ಮರುದಿನ ಬೆಳಿಗ್ಗೆಯ ಹೊತ್ತಿಗೆ ನಾಲ್ಕು ಸುತ್ತೂ ದೋಷವಿಲ್ಲದೆ ಮುಗಿದಿದ್ದವು.

ಇನ್ನು ಉಳಿದದ್ದು ಮೂರು ಸಂಶಯ. ಹಳೆಯ ಸ್ಟಿಕ್ ಒಂದು ತಿಂಗಳು 1.35 ವೋಲ್ಟಿನಲ್ಲಿ ಓಡಿದ್ದರಿಂದ ಹಾಳಾಗಿರಬಹುದೇ? 2400ಕ್ಕೆ ಇಳಿಸಿದ್ದರಿಂದ ನನ್ನ ಕೆಲಸ ನಿಧಾನವಾಗುತ್ತದೆಯೇ? ನೀಲಿ ಪರದೆ ನಿಂತಿದ್ದರೂ ಫೋಟೋಶಾಪ್ ಮಾತ್ರ ಈಗಲೂ ತೆರೆಯುವಾಗಲೇ ಒಮ್ಮೊಮ್ಮೆ ಮುಚ್ಚಿಹೋಗುತ್ತದೆ, ಅದೇಕೆ?

ಉತ್ತರ 5: ಲ್ಯಾಬ್ ಸಹಾಯಕ, ಚಿತ್ರದುರ್ಗ

ಡಿಡಿಆರ್4ರ ಸಾಮಾನ್ಯ ವೋಲ್ಟೇಜ್ 1.2. ಎಕ್ಸ್‌ಎಂಪಿಯಲ್ಲಿ 1.35 ಎಂಬುದು ವಾಡಿಕೆಯದೇ ಆಗಿದ್ದು, ಅಷ್ಟಕ್ಕೆ ಸ್ಟಿಕ್ ಸುಡುವುದಿಲ್ಲ, ನಿಮ್ಮದು ಪರೀಕ್ಷೆಯಲ್ಲಿ ಗೆದ್ದೂ ಇದೆ. ವೇಗದ ಚಿಂತೆ ಬೇಡ. ನಿಮ್ಮ ಬ್ಯಾನರಿಗೆ ಬೇಕಾದದ್ದು ಜಾಗ. ರ‍್ಯಾಮ್ ಸಾಲದೆ ಫೋಟೋಶಾಪ್ ಡಿಸ್ಕಿಗೆ ಬರೆಯಲು ಹೋದಾಗಿನ ನಿಧಾನದ ಮುಂದೆ 2400ಕ್ಕೂ 3200ಕ್ಕೂ ಇರುವ ಅಂತರ ಲೆಕ್ಕಕ್ಕೇ ಬರುವುದಿಲ್ಲ.

ಫೋಟೋಶಾಪ್ ಮುಚ್ಚಿಹೋಗುವುದಕ್ಕೆ ಆ ತಿಂಗಳಲ್ಲಿ ಕೆಟ್ಟ ವಿಂಡೋಸ್ ಕಡತಗಳು ಕಾರಣವಿರಬಹುದು. ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ‘ಎಸ್‌ಎಫ್‌ಸಿ’ಯ ‘ಸ್ಕ್ಯಾನ್‌ನೌ’ ಆದೇಶ (sfc /scannow) ನಡೆಸಿ, ಅದು ಕೆಟ್ಟ ವಿಂಡೋಸ್ ಕಡತಗಳನ್ನು ಹುಡುಕಿ ಸರಿಪಡಿಸುತ್ತದೆ. ಅದಾದ ಮೇಲೆ ಶಟ್‌ಡೌನ್ ಮಾಡದೆ ರೀಸ್ಟಾರ್ಟ್ ಮಾಡಿ, ಏಕೆಂದರೆ ಫಾಸ್ಟ್ ಸ್ಟಾರ್ಟಪ್ ಆನ್ ಇದ್ದರೆ ಶಟ್‌ಡೌನಿನಲ್ಲಿ ವಿಂಡೋಸಿನ ತಿರುಳು ಪೂರ್ತಿ ಹೊಸದಾಗಿ ಏಳುವುದಿಲ್ಲ. ಆಮೇಲೂ ಸರಿಹೋಗದಿದ್ದರೆ ಫೋಟೋಶಾಪನ್ನು ಮತ್ತೆ ಇನ್‌ಸ್ಟಾಲ್ ಮಾಡಿ.

ಉತ್ತರ 6: ಡಿಟಿಪಿ ಅಂಗಡಿಯವ, ದಾವಣಗೆರೆ

ಕೆಟ್ಟ ಕಡತಗಳು ಸಿಕ್ಕಿವೆ, ಅವನ್ನು ದುರಸ್ತಿ ಮಾಡಿದೆ ಎಂದು ಎಸ್‌ಎಫ್‌ಸಿ ಹೇಳಿತು. ಫೋಟೋಶಾಪ್ ಆರು ದಿನಗಳಿಂದ ಒಮ್ಮೆಯೂ ಮುಚ್ಚಿಲ್ಲ. ಆ ತಿಂಗಳಲ್ಲಿ ಉಳಿಸಿದ ಕಡತಗಳನ್ನು ಒಂದೊಂದಾಗಿ ತೆರೆದು ನೋಡಿದಾಗ ಮೂರು ಕೆಟ್ಟಿದ್ದವು: ಎರಡು ಫೋಟೋಗಳ ಕೆಳಗಿನ ಅರ್ಧ ಬೂದು ಬಣ್ಣವಾಗಿದೆ, ಒಂದು ಬ್ಯಾನರ್ ತೆರೆಯುವುದೇ ಇಲ್ಲ. ಫೋಟೋಗಳ ಮೂಲ ಪ್ರತಿಗಳು ಗಿರಾಕಿಯ ಪೆನ್‌ಡ್ರೈವಿನಲ್ಲಿ ಸಿಕ್ಕವು. ಬ್ಯಾನರನ್ನು ಮೊದಲಿನಿಂದ ಮಾಡುತ್ತಿದ್ದೇನೆ.