ನೀರಿನ ಒಪ್ಪಂದ ಮೊದಲ ಬೇಸಿಗೆಗೇ ಮುರಿಯಿತು. ಈಗೇನು ಮಾಡೋದು?

ಕೊನೆಹೊಲ:
ನಮ್ಮದು ಕಾಲುವೆಯ ಕಟ್ಟಕಡೆಯ ಹೊಲ. ಮೇಲಿನವರು ಹಾಯಿಸಿಕೊಂಡು ಬಿಟ್ಟಷ್ಟೇ ನೀರು ನಮಗೆ. ಹೋದ ವರ್ಷ ತೂಬಿನ ಹತ್ತಿರ ಹೊಡೆದಾಟ ಆಗಿ ಒಬ್ಬರ ಕೈ ಮುರಿಯಿತು. ಆಮೇಲೆ ಎರಡೂ ಕಡೆಯವರು ಕೂತು ಸರದಿ ಗೊತ್ತು ಮಾಡಿದೆವು. ನಾಲ್ಕು ಪುಟ, ಬರೆದವನು ನಾನೇ. ಎಲ್ಲರೂ ಸಹಿ ಹಾಕಿದರು. ಬೇಸಿಗೆ ಬಂದು ಮೂರೇ ವಾರಕ್ಕೆ ಮೇಲಿನವರೊಬ್ಬರು ರಾತ್ರಿ ತೂಬು ಎತ್ತಿದರು. ಈಗ ಮಾತೂ ಇಲ್ಲ. ಇಂಥ ಒಪ್ಪಂದದಿಂದ ಎಲ್ಲಾದರೂ ಜಗಳ ನಿಂತಿದ್ದು ಉಂಟಾ, ಅಥವಾ ಸುಮ್ನೆ ಕಾಗದವಾ?

ಗುರುವಾರ:
ಉಂಟು. ಸ್ಪೇನಿನ ವೆಲೆನ್ಸಿಯಾದಲ್ಲಿ ನೀರಿನದೇ ಒಂದು ನ್ಯಾಯಮಂಡಳಿ ಇದೆ. ಪ್ರತಿ ಗುರುವಾರ ಮಧ್ಯಾಹ್ನ 12ಕ್ಕೆ ಕೆಥೆಡ್ರಲ್ ಬಾಗಿಲಲ್ಲಿ ಸೇರುತ್ತದೆ. ಕೂರುವವರು ಬೇರೆ ಬೇರೆ ಕಾಲುವೆಗಳ ರೈತರೇ ಆರಿಸಿದ 8 ಪ್ರತಿನಿಧಿಗಳು. ಎಲ್ಲ ಬಾಯಿಮಾತು, ತೀರ್ಪೂ ಅಲ್ಲೇ. 2009ರಲ್ಲಿ ಯುನೆಸ್ಕೋ ಇದನ್ನು ಪರಂಪರೆಯ ಪಟ್ಟಿಗೆ ಸೇರಿಸಿತು. ಅದಕ್ಕಿಂತ ನನಗೆ ಹಿಡಿಸಿದ್ದು ಇನ್ನೊಂದು: ಆರೋಪ ಹೊತ್ತವನ ಕಾಲುವೆಯ ಪ್ರತಿನಿಧಿ ಆ ತೀರ್ಪಿಗೆ ಕೂರುವಂತಿಲ್ಲ. ನಿಮ್ಮ ನಾಲ್ಕು ಪುಟದಲ್ಲಿ, ತೂಬು ಎತ್ತಿದರೆ ಯಾವತ್ತು, ಯಾರ ಮುಂದೆ ಹೇಳಬೇಕು ಅಂತ ಇದೆಯಾ?

ಒಣಬಾವಿ:
ವೆಲೆನ್ಸಿಯಾ ಚೆಂದ, ಒಪ್ಪಿದೆ. ಆದರೆ ರಕ್ತ ಹರಿದ ಕಡೆ? ಉತ್ತರ ಕೀನ್ಯಾ ನೋಡಿ. ಮೇವು, ನೀರು, ದನ ಕದಿಯೋದು, ಇದಕ್ಕೇ ಹೆಣ ಬೀಳುತ್ತಿದ್ದವು. 2001ರಲ್ಲಿ ಅಲ್ಲಿನ ಸಮುದಾಯಗಳು ಮೊಡೊಗಾಶೆ ಘೋಷಣೆ ಅನ್ನೋ ಒಪ್ಪಂದ ಮಾಡಿಕೊಂಡವು. ಬೇರೆಯವರ ಹುಲ್ಲುಗಾವಲಿಗೆ ದನ ಹೊಡೆಯುವ ಮೊದಲು ಅಲ್ಲಿನ ಹಿರಿಯರನ್ನು ಕೇಳಬೇಕು. ಕೊಲೆಯಾದವರು ಗಂಡಸಾದರೆ ಪರಿಹಾರ 100 ಒಂಟೆ ಅಥವಾ ದನ, ಹೆಂಗಸಾದರೆ 50. ಆ ಅರ್ಧ ಲೆಕ್ಕ ನನಗೆ ಕೇಳೋಕೇ ಆಗಲ್ಲ. ಜಗಳ ಪೂರ್ತಿ ನಿಂತಿತು ಅಂತಲೂ ಹೇಳಲ್ಲ. ಆದರೆ ತಪ್ಪಾದರೆ ಮುಂದೇನು ಅನ್ನೋದನ್ನ ಮೊದಲೇ ಬರೆದಿಟ್ಟರು, ಅಲ್ವಾ? ಇಲ್ಲದಿದ್ದರೆ ಸೇಡು.

ಗುರುವಾರ:
ಇನ್ನೊಂದು ಮಾತು. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಎಲಿನೋರ್ ಓಸ್ಟ್ರೊಮ್ ಇಂಥ ನೂರಾರು ಕಡೆಯ ಅನುಭವ ನೋಡಿದವರು. ಮೊದಲ ತಪ್ಪಿಗೆ ಸಣ್ಣ ದಂಡ, ಮತ್ತೆ ಮಾಡಿದರೆ ಜಾಸ್ತಿ. ಹೀಗಿದ್ದ ಕಡೆ ಒಪ್ಪಂದ ಬಾಳಿದೆ. ಕಾವಲು ಕಾಯುವವರೂ ನೀರು ಬಳಸುವವರೇ, ಇಲ್ಲವೇ ಅವರಿಗೆ ಉತ್ತರ ಹೇಳಬೇಕಾದವರು.

ಕೊನೆಹೊಲ:
ಈಗಷ್ಟೇ ಕಾಗದ ತೆಗೆದು ನೋಡಿದೆ. ಮೂರೂವರೆ ಪುಟ ಸರದಿ, ಗಂಟೆ ಲೆಕ್ಕ. ತಪ್ಪಿದರೆ ಏನು ಅನ್ನೋದಕ್ಕೆ ಒಂದೇ ಸಾಲು: 'ಪರಸ್ಪರ ಸೌಹಾರ್ದದಿಂದ ಬಗೆಹರಿಸಿಕೊಳ್ಳುವುದು.' ಅದನ್ನೂ ನಾನೇ ಬರೆದಿದ್ದು! ನಾಳೆ ಮೇಲಿನವರಲ್ಲಿ ಹಿರಿಯರೊಬ್ಬರ ಮನೆಗೆ ಹೋಗುತ್ತೇನೆ. ತೂಬು ಎತ್ತಿದವರ ವಿಷಯ ಎತ್ತಲ್ಲ. ವಾರಕ್ಕೊಮ್ಮೆ ಸೇರೋಕೆ ಯಾವ ದಿನ ಆಗುತ್ತೆ ಅಂತ ಮಾತ್ರ ಕೇಳ್ತೀನಿ.